ತಟ್ಟೆಯ ತಪ್ಪಲ್ಲದ ಕೊಲೆಸ್ಟ್ರಾಲ್

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಅಂಕಿ ಏರಿದ್ದು ಕಂಡರೆ ಸಾಕು, ಸುತ್ತಲಿನವರ ಕಣ್ಣು ನೇರವಾಗಿ ಊಟದ ತಟ್ಟೆಯ ಮೇಲೆ ಬೀಳುತ್ತದೆ. ಎಣ್ಣೆ ಕಡಿಮೆ ಮಾಡಿ, ಕರಿದದ್ದನ್ನು ಬಿಡಿ, ದಿನಾ ನಡೆಯಿರಿ, ತೂಕ ಇಳಿಸಿ. ಬಹುಪಾಲು ಜನರಿಗೆ ಇವು ಹಿತವಾದ ಮಾತುಗಳೇ, ನಾನು ಅವನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಹಿತವಚನದ ಹಿಂದೆ ಒಂದು ಆರೋಪವೂ ಅಡಗಿರುತ್ತದೆ: ನೀನು ತಿಂದೆ, ಅದಕ್ಕೇ ಏರಿತು. ಸುಮಾರು 250 ಜನರಲ್ಲಿ ಒಬ್ಬರ ವಿಷಯದಲ್ಲಿ ಈ ಆರೋಪ ಸುಳ್ಳು. ಹುಟ್ಟಿದಾಗಿನಿಂದಲೇ ಅವರ ರಕ್ತದಲ್ಲಿ ಕೊಲೆಸ್ಟ್ರಾಲ್ ತುಂಬಿರುತ್ತದೆ. ಅವರು ಹೆಚ್ಚು ತಿಂದದ್ದು ಅದಕ್ಕೆ ಕಾರಣವಲ್ಲ. ರಕ್ತದಲ್ಲಿ ತಿರುಗಾಡುವ ಕೊಲೆಸ್ಟ್ರಾಲನ್ನು ಹಿಡಿದು ಕೋಶದ ಒಳಗೆ ಎಳೆದುಕೊಳ್ಳುವ ಪ್ರೋಟೀನ್ ಅವರಲ್ಲಿ ಸಾಕಷ್ಟು ಇಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಇಂಥವರಲ್ಲಿ ಬಹುತೇಕರ ತೊಂದರೆಯ ಮೂಲ ಒಂದೇ ಜೀನ್. ಅದರ ಹೆಸರು ಎಲ್‌ಡಿಎಲ್‌ಆರ್. ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ, ಅಂದರೆ ವಂಶದಲ್ಲಿ ಹರಿದುಬರುವ ಅಧಿಕ ಕೊಲೆಸ್ಟ್ರಾಲ್.

ಈ ಜೀನ್ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೇನೆ. ವೈದ್ಯಶಾಸ್ತ್ರದಲ್ಲಿ ಒಂದು ಜೀನ್‌ನ ಕಥೆ ಇಷ್ಟು ಸ್ಪಷ್ಟವಾಗಿ, ರೋಗಿಯ ಹಾಸಿಗೆಯಿಂದ ಅಣುವಿನವರೆಗೆ ಹೋಗಿ ಮತ್ತೆ ರೋಗಿಯ ಬಳಿಗೇ ಮದ್ದಾಗಿ ಮರಳಿ ಬಂದ ಉದಾಹರಣೆಗಳು ಕಡಿಮೆ. ಜೊತೆಗೆ, ರೋಗಿಯ ಮೇಲೆ ಹೊರಿಸಿದ್ದ ತಪ್ಪನ್ನು ಇಳಿಸಿದ ವಿಜ್ಞಾನ ಇದು ಎಂಬ ಕಾರಣಕ್ಕೂ ನನಗೆ ಇದು ಹತ್ತಿರ.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಆದ್ದರಿಂದ ದೇಹ ಅದನ್ನು ಕಣಗಳಲ್ಲಿ ಕಟ್ಟಿ ಸಾಗಿಸುತ್ತದೆ. ಅಂಥ ಕಣಗಳಲ್ಲಿ ಒಂದು ಬಗೆ ಎಲ್‌ಡಿಎಲ್. ಒಂದೊಂದು ಕಣದ ಅಡ್ಡಳತೆ ಸುಮಾರು 22 ನ್ಯಾನೋಮೀಟರ್. ಅದರ ಒಡಲಲ್ಲಿ ಸುಮಾರು 1500 ಕೊಲೆಸ್ಟ್ರಾಲ್ ಎಸ್ಟರ್ ಅಣುಗಳು, ಹೊರಗೆ ಅದನ್ನು ಸುತ್ತಿಕೊಂಡಿರುವ ಒಂದೇ ಒಂದು ದೈತ್ಯ ಪ್ರೋಟೀನ್, ಅಪೊಬಿ-100. ಈ ಪ್ರೋಟೀನನ್ನು ಗುರುತು ಹಿಡಿದು ಅಂಟಿಕೊಳ್ಳುವುದೇ ಕೋಶದ ಮೈಮೇಲಿರುವ ಎಲ್‌ಡಿಎಲ್ ರಿಸೆಪ್ಟರ್‌ನ ಕೆಲಸ.

ಈ ರಿಸೆಪ್ಟರನ್ನು ಕಟ್ಟುವ ಎಲ್‌ಡಿಎಲ್‌ಆರ್ ಜೀನ್ ಇರುವುದು 19ನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನಲ್ಲಿ. ಉದ್ದ ಸುಮಾರು 45 ಸಾವಿರ ಡಿಎನ್‌ಎ ಅಕ್ಷರ. ಅದರಲ್ಲಿ ಪ್ರೋಟೀನ್ ಕಟ್ಟಲು ಬೇಕಾದ ಭಾಗ 18 ತುಂಡುಗಳಾಗಿ ಅಲ್ಲಲ್ಲಿ ಹಂಚಿಹೋಗಿದೆ. ತುಂಡುಗಳನ್ನು ಜೋಡಿಸಿ ಓದಿದಾಗ 860 ಅಮೈನೊ ಆಮ್ಲಗಳ ಸರ ತಯಾರಾಗುತ್ತದೆ. ಮೊದಲ 21 ಕತ್ತರಿಸಿಹೋಗಿ 839 ಉಳಿಯುತ್ತವೆ. ಇದರ ಬಹುಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ, 22 ಅಮೈನೊ ಆಮ್ಲಗಳು ಪೊರೆಯೊಳಗೆ ಹೂತಿರುತ್ತವೆ, ಕೊನೆಯ 50 ಮಾತ್ರ ಕೋಶದ ಒಳಭಾಗದಲ್ಲಿ ಬಾಲದಂತೆ ಉಳಿಯುತ್ತವೆ. ಆ ಬಾಲದ ಮಾತು ಮುಂದೆ ಬರುತ್ತದೆ.

ಕಾಯಿಲೆ ಮಾತ್ರ ಜೀನ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು. 1930ರ ದಶಕದ ಕೊನೆಯಲ್ಲಿ ನಾರ್ವೆಯ ವೈದ್ಯ ಕಾರ್ಲ್ ಮ್ಯುಲ್ಲರ್ ಕೆಲವು ಕುಟುಂಬಗಳಲ್ಲಿ ಹೆಚ್ಚಿನ ಕೊಲೆಸ್ಟ್ರಾಲ್, ಸ್ನಾಯುರಜ್ಜುಗಳ ಮೇಲೆ ಕೊಬ್ಬಿನ ಗಂಟುಗಳು ಮತ್ತು ಹೃದ್ರೋಗ ಒಟ್ಟಿಗೆ ಹರಿದುಬರುವುದನ್ನು ದಾಖಲಿಸಿದರು. 1960ರ ದಶಕದಲ್ಲಿ ಲೆಬನಾನಿನಲ್ಲಿ ವೈದ್ಯ ಖಚದೂರಿಯನ್ ಅಲ್ಲಿನ ದೊಡ್ಡ ಕುಟುಂಬಗಳನ್ನು ಪರೀಕ್ಷಿಸಿ ಇದರಲ್ಲಿ ಎರಡು ಹಂತಗಳಿವೆ ಎಂದು ತೋರಿಸಿದರು. ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಒಬ್ಬರಿಂದ ಮಾತ್ರ ಕೆಟ್ಟ ಪ್ರತಿ ಬಂದವರಲ್ಲಿ ಕೊಲೆಸ್ಟ್ರಾಲ್ ಸಾಮಾನ್ಯದ ಸುಮಾರು ಎರಡು ಪಟ್ಟು. ಇಬ್ಬರಿಂದಲೂ ಬಂದ ಮಕ್ಕಳಲ್ಲಿ ಅದು ಡೆಸಿಲೀಟರಿಗೆ 650ರಿಂದ 1000 ಮಿಲಿಗ್ರಾಂವರೆಗೆ ಹೋಗುತ್ತದೆ. ಆ ಮಕ್ಕಳ ಮೊಣಕೈ, ಮಂಡಿ, ಬೆರಳ ಸಂದುಗಳಲ್ಲಿ ಹಳದಿ ಗಂಟುಗಳು ಏಳುತ್ತವೆ. ಹೃದಯಾಘಾತ ಬಾಲ್ಯದಲ್ಲೇ ಬರಬಹುದು.

ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ತರಬೇತಿಯ ದಿನಗಳಲ್ಲಿ ಗೆಳೆಯರಾದವರು. ಆಮೇಲೆ ಇಬ್ಬರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದರು. ಅಲ್ಲಿ ಗೋಲ್ಡ್‌ಸ್ಟೈನ್ ಇಂಥ ಮಕ್ಕಳನ್ನು ಹತ್ತಿರದಿಂದ ಕಂಡರು. ಪುಟ್ಟ ಮಗುವಿನ ಎದೆಯಲ್ಲಿ ಮುದುಕರ ಕಾಯಿಲೆ. ಇಬ್ಬರೂ ಡಲ್ಲಾಸ್‌ಗೆ ಬಂದು ಸೇರಿದ ಮೇಲೆ ಅದೇ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದರು. ರೋಗಿಗಳ ಚರ್ಮದಿಂದ ಒಂದು ಚೂರು ತೆಗೆದು, ಅದರ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಕೊಲೆಸ್ಟ್ರಾಲ್‌ನ ಮುಖ್ಯ ನೆಲೆ ಯಕೃತ್ತು, ಚರ್ಮದಲ್ಲಿ ಏನು ಸಿಕ್ಕೀತು ಎಂದು ಕೇಳಬಹುದು. ಜೀನ್ ಎಲ್ಲ ಕೋಶದಲ್ಲೂ ಇದೆಯಲ್ಲ. ತಪ್ಪು ಯಕೃತ್ತಿನಲ್ಲಿ ಇದ್ದರೆ ಚರ್ಮದಲ್ಲೂ ಕಾಣಬಹುದು ಎಂಬುದು ಅವರ ಲೆಕ್ಕಾಚಾರ.

1973ರ ಆ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೊಲೆಸ್ಟ್ರಾಲ್ ತಯಾರಿಕೆಯ ವೇಗವನ್ನು ನಿರ್ಧರಿಸುವ ಕಿಣ್ವವೊಂದಿದೆ, ಎಚ್‌ಎಂಜಿ-ಕೋಎ ರಿಡಕ್ಟೇಸ್. ಆರೋಗ್ಯವಂತರ ಕೋಶಗಳ ಸುತ್ತ ಎಲ್‌ಡಿಎಲ್ ಇದ್ದಾಗ ಈ ಕಿಣ್ವ ಸುಮ್ಮನಿರುತ್ತದೆ. ಎಲ್‌ಡಿಎಲ್ ತೆಗೆದುಬಿಟ್ಟರೆ ಚುರುಕಾಗುತ್ತದೆ, ಮತ್ತೆ ಹಾಕಿದರೆ ತಣ್ಣಗಾಗುತ್ತದೆ. ಹೊರಗಿನಿಂದ ಸಿಗುವಾಗ ತಾನು ಏಕೆ ತಯಾರಿಸಬೇಕು ಎಂಬಂತೆ. ಎರಡೂ ಪ್ರತಿ ಕೆಟ್ಟ ರೋಗಿಗಳ ಕೋಶಗಳಲ್ಲಿ ಈ ಕಿಣ್ವ ಯಾವಾಗಲೂ ಜೋರಾಗಿತ್ತು. ಎಷ್ಟು ಎಲ್‌ಡಿಎಲ್ ಸುರಿದರೂ ಅದು ಜಗ್ಗಲಿಲ್ಲ. ಹಾಗಾದರೆ ಕಿಣ್ವದಲ್ಲೇ ದೋಷವೇ? ಹಾಗೆ ತೀರ್ಮಾನಿಸಿ ಮುಗಿಸಿಬಿಡುವುದು ಸುಲಭವಿತ್ತು. ಅವರು ಇನ್ನೊಂದು ಕೆಲಸ ಮಾಡಿದರು: ಎಲ್‌ಡಿಎಲ್ ಕಣವನ್ನು ಬಿಟ್ಟು, ಬರೀ ಕೊಲೆಸ್ಟ್ರಾಲನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕೋಶಗಳಿಗೆ ಕೊಟ್ಟರು. ಹೀಗೆ ಕೊಟ್ಟ ಕೊಲೆಸ್ಟ್ರಾಲ್ ಪೊರೆಯನ್ನು ತಾನಾಗಿಯೇ ದಾಟಬಲ್ಲದು. ರೋಗಿಯ ಕೋಶದ ಕಿಣ್ವವೂ ತಣ್ಣಗಾಯಿತು, ಆರೋಗ್ಯವಂತರ ಕೋಶದಲ್ಲಿ ಆದಂತೆಯೇ.

ಅಂದರೆ ಒಳಗಿನ ವ್ಯವಸ್ಥೆಯಲ್ಲಿ ಕೊರತೆಯಿಲ್ಲ. ಕೊಲೆಸ್ಟ್ರಾಲ್ ಒಳಗೆ ಬಂದರೆ ಕೋಶಕ್ಕೆ ತಿಳಿಯುತ್ತದೆ. ಅದು ಒಳಗೆ ಬರುತ್ತಲೇ ಇಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಉಕ್ಕಿ ಹರಿಯುತ್ತಿರುವಾಗಲೂ ಕೋಶ ತನಗೆ ಏನೂ ಸಿಗುತ್ತಿಲ್ಲವೆಂದು ಇನ್ನಷ್ಟು ತಯಾರಿಸುತ್ತಿದೆ. ಈ ವಾಕ್ಯವನ್ನು ಬರೆಯುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮರುವರ್ಷ ವಿಕಿರಣಶೀಲ ಅಯೋಡಿನ್ ಅಂಟಿಸಿದ ಎಲ್‌ಡಿಎಲ್ ಬಳಸಿ ಅವರು ಆರೋಗ್ಯವಂತರ ಕೋಶಗಳ ಮೇಲೆ ಅದು ಬಿಗಿಯಾಗಿ ಕೂರುವ ಜಾಗವಿದೆಯೆಂದೂ ರೋಗಿಗಳ ಕೋಶಗಳಲ್ಲಿ ಅದು ಇಲ್ಲವೆಂದೂ ತೋರಿಸಿದರು. ಒಂದೇ ಪ್ರತಿ ಕೆಟ್ಟವರಲ್ಲಿ ಆ ಜಾಗಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧ. ರಿಸೆಪ್ಟರ್ ಹೀಗೆ ಕೈಗೆ ಸಿಕ್ಕಿತು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಲ್ಲ ರೋಗಿಗಳಲ್ಲೂ ರಿಸೆಪ್ಟರ್ ಕಾಣೆಯಾಗಿರುತ್ತದೆ ಎಂದೇನಿಲ್ಲ. ಒಬ್ಬ ಹುಡುಗನ ಕೋಶಗಳು ವಿಚಿತ್ರವಾಗಿ ವರ್ತಿಸಿದವು. ಎಲ್‌ಡಿಎಲ್ ಬಂದು ಅಂಟಿಕೊಳ್ಳುತ್ತಿತ್ತು, ಆದರೆ ಒಳಗೆ ಹೋಗುತ್ತಿರಲಿಲ್ಲ. ಅವರ ಸಹೋದ್ಯೋಗಿ ರಿಚರ್ಡ್ ಆಂಡರ್ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಕಾರಣ ಕಂಡಿತು. ಕೋಶದ ಮೈಮೇಲೆ ಅಲ್ಲಲ್ಲಿ ಸಣ್ಣ ಗುಳಿಗಳಿವೆ, ಒಳಮೈಗೆ ಕ್ಲಾಥ್ರಿನ್ ಎಂಬ ಪ್ರೋಟೀನಿನ ಲೇಪ. ಒಟ್ಟು ಮೇಲ್ಮೈಯಲ್ಲಿ ಈ ಗುಳಿಗಳ ಪಾಲು ಶೇಕಡಾ 2ರಷ್ಟು. ಆದರೂ ಎಲ್‌ಡಿಎಲ್ ರಿಸೆಪ್ಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ನೆರೆದಿರುತ್ತವೆ. ಆ ಹುಡುಗನ ಕೋಶಗಳಲ್ಲಿ ರಿಸೆಪ್ಟರ್‌ಗಳು ಗುಳಿಗಳಿಗೆ ಬರದೆ ಮೈತುಂಬ ಚದುರಿ ನಿಂತಿದ್ದವು. ಮುಂದೆ ಜೀನ್ ಓದಲು ಸಾಧ್ಯವಾದಾಗ ತಪ್ಪು ಸಿಕ್ಕಿತು: ಕೋಶದ ಒಳಗಿನ ಆ 50 ಅಮೈನೊ ಆಮ್ಲಗಳ ಬಾಲದಲ್ಲಿ, 807ನೇ ಸ್ಥಾನದಲ್ಲಿ ಟೈರೋಸಿನ್ ಇರಬೇಕಾದಲ್ಲಿ ಸಿಸ್ಟೀನ್ ಬಂದು ಕೂತಿತ್ತು. 839ರಲ್ಲಿ ಒಂದೇ ಒಂದು. ಕೋಶಗಳು ಹೊರಗಿನ ವಸ್ತುಗಳನ್ನು ಆರಿಸಿ ಒಳಗೆಳೆದುಕೊಳ್ಳುವ ಬಗೆಯ ಬಗ್ಗೆ ಇಂದು ಪಠ್ಯಪುಸ್ತಕಗಳಲ್ಲಿ ಇರುವ ಅಧ್ಯಾಯದ ದೊಡ್ಡ ಭಾಗಕ್ಕೆ ಆ ಹುಡುಗನ ಚರ್ಮದ ಒಂದು ಚೂರು ಆಧಾರ. ಇದನ್ನು ಓದುವ ವಿದ್ಯಾರ್ಥಿಗಳಿಗೆ ಅಷ್ಟನ್ನಾದರೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಸರಿಯಿದ್ದಾಗ ನಡೆಯುವುದು ಹೀಗೆ. ಎಲ್‌ಡಿಎಲ್ ಹಿಡಿದ ರಿಸೆಪ್ಟರ್ ಇರುವ ಗುಳಿ ಆಳವಾಗಿ, ಬಾಯಿ ಮುಚ್ಚಿ, ಕೋಶದೊಳಗೆ ಒಂದು ಚೀಲವಾಗುತ್ತದೆ. ಚೀಲದ ಒಳಗೆ ಆಮ್ಲೀಯತೆ ಏರುತ್ತದೆ. ಆಗ ರಿಸೆಪ್ಟರ್ ತನ್ನ ಮೇಲೆಯೇ ಮಡಚಿಕೊಳ್ಳುತ್ತದೆ: ಅದರದೇ ಒಂದು ಭಾಗ ಬಂದು ಎಲ್‌ಡಿಎಲ್ ಕೂತಿದ್ದ ಜಾಗವನ್ನು ಆಕ್ರಮಿಸುತ್ತದೆ, ಎಲ್‌ಡಿಎಲ್ ಕಳಚಿಕೊಳ್ಳುತ್ತದೆ. 2002ರಲ್ಲಿ ಡಲ್ಲಾಸ್‌ನದೇ ತಂಡ ಪ್ರಕಟಿಸಿದ ಅಣುರಚನೆಯ ಚಿತ್ರದಲ್ಲಿ ಈ ಮಡಿಕೆ ಕಣ್ಣಿಗೆ ಕಾಣುವಂತಾಯಿತು. ಎಲ್‌ಡಿಎಲ್ ಕೋಶದ ಜೀರ್ಣಚೀಲವಾದ ಲೈಸೋಸೋಮ್‌ಗೆ ಹೋಗಿ ಅರೆದು ಕೊಲೆಸ್ಟ್ರಾಲ್ ಆಗುತ್ತದೆ, ರಿಸೆಪ್ಟರ್ ಮತ್ತೆ ಮೇಲ್ಮೈಗೆ ಮರಳುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ, ಒಂದು ರಿಸೆಪ್ಟರ್‌ನ ಆಯುಷ್ಯ ಸುಮಾರು 20 ಗಂಟೆ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಸಲ ಹೋಗಿ ಬರುತ್ತದೆ. ಎಲ್‌ಡಿಎಲ್ ಸಿಕ್ಕಿದರೂ ಸಿಗದಿದ್ದರೂ ಅದು ಸುತ್ತುವುದು ನಿಲ್ಲಿಸುವುದಿಲ್ಲ. ಜನ ಬರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಹೊಳೆ ದಾಟಿಸುವ ಅಂಬಿಗನಂತೆ.

ಒಂದು ಪ್ರತಿ ಚೆನ್ನಾಗಿಯೇ ಇದ್ದರೂ ಏಕೆ ಕಾಯಿಲೆ ಬರುತ್ತದೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಎಷ್ಟೋ ಜೀನ್‌ಗಳಲ್ಲಿ ಒಂದು ಪ್ರತಿ ಸಾಕಾಗುತ್ತದೆ. ಇಲ್ಲಿ ರಿಸೆಪ್ಟರ್‌ಗಳ ಸಂಖ್ಯೆ ಅರ್ಧವಾದರೆ ರಕ್ತದಿಂದ ಎಲ್‌ಡಿಎಲ್ ಹೊರಹೋಗುವ ವೇಗ ಕುಗ್ಗುತ್ತದೆ. ಸಾಲದ್ದಕ್ಕೆ, ಎಲ್‌ಡಿಎಲ್ ಆಗುವ ಮುಂಚಿನ ಹಂತದ ಕಣಗಳನ್ನು ಹಿಡಿಯುವುದೂ ಇದೇ ರಿಸೆಪ್ಟರ್. ಅವು ರಕ್ತದಲ್ಲೇ ಉಳಿದು ಇನ್ನಷ್ಟು ಎಲ್‌ಡಿಎಲ್ ಆಗುತ್ತವೆ. ನಿರ್ಗಮ ಕಡಿಮೆ, ಆಗಮ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಇಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ವರ್ಷದೊಳಗೆ, ಹೆಂಗಸರಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿಗೆ 60ರೊಳಗೆ ಹೃದಯದ ರಕ್ತನಾಳದ ಕಾಯಿಲೆ ಬರುತ್ತದೆ.

ನನ್ನ ಗೆಳತಿಯೊಬ್ಬರು ಇವರಲ್ಲಿ ಒಬ್ಬರು. ತೆಳ್ಳಗಿನ ಮೈ, ಮಿತವಾದ ಊಟ. ವರ್ಷಗಟ್ಟಲೆ ಅವರಿಗೆ ಸಿಕ್ಕಿದ್ದು ಪಥ್ಯದ ಪಟ್ಟಿಗಳು ಮಾತ್ರ. ಪ್ರತಿ ಸಲ ಅಂಕಿ ಇಳಿಯದಿದ್ದಾಗ, ನೀವು ಸರಿಯಾಗಿ ಪಾಲಿಸುತ್ತಿಲ್ಲ ಎಂಬ ಮಾತು. ಕದ್ದು ತಿನ್ನುವವಳಂತೆ ನನ್ನನ್ನು ನೋಡುತ್ತಿದ್ದರು ಎಂದು ಅವರು ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಕೊನೆಗೆ ಒಬ್ಬ ವೈದ್ಯೆ ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು. ಅದು ದಪ್ಪಗೆ, ಗಂಟುಗಂಟಾಗಿತ್ತು. ಆಮೇಲೆ ಕೇಳಿದ ಪ್ರಶ್ನೆ ಊಟದ್ದಲ್ಲ: ನಿಮ್ಮ ತಂದೆಗೆ ಎಷ್ಟನೇ ವಯಸ್ಸಿನಲ್ಲಿ ಹೃದಯಾಘಾತವಾಯಿತು? ಗಂಟು ಎಲ್ಲರಿಗೂ ಇರುವುದಿಲ್ಲ, ಇಲ್ಲದಿದ್ದರೆ ಕಾಯಿಲೆಯೂ ಇಲ್ಲ ಎಂದುಕೊಳ್ಳಬಾರದು. ಆದರೆ ಇದ್ದಾಗ ಅದನ್ನು ಮುಟ್ಟಿ ನೋಡಲು ಯಂತ್ರವೇನೂ ಬೇಕಿಲ್ಲ.

ಈ ಜೀನ್‌ನಲ್ಲಿ ಈಗ 2000ಕ್ಕೂ ಹೆಚ್ಚು ಬಗೆಯ ಬದಲಾವಣೆಗಳು ದಾಖಲಾಗಿವೆ. ಕೆಲವದರಲ್ಲಿ ಪ್ರೋಟೀನ್ ತಯಾರಾಗುವುದೇ ಇಲ್ಲ, ಕೆಲವದರಲ್ಲಿ ತಯಾರಾದರೂ ಮೇಲ್ಮೈಗೆ ಬರುವುದಿಲ್ಲ, ಕೆಲವದರಲ್ಲಿ ಬಂದರೂ ಎಲ್‌ಡಿಎಲ್ ಹಿಡಿಯುವುದಿಲ್ಲ, ಕೆಲವದರಲ್ಲಿ ಒಳಗೆ ಹೋದದ್ದು ಮರಳುವುದಿಲ್ಲ. ಕೆಲವು ಸಮುದಾಯಗಳಲ್ಲಿ ಪೂರ್ವಜರೊಬ್ಬರಿಂದ ಬಂದ ಒಂದೇ ಬದಲಾವಣೆ ಬಹುಸಂಖ್ಯೆಯ ಕುಟುಂಬಗಳಿಗೆ ಹರಡಿದೆ; ಕ್ವಿಬೆಕ್‌ನ ಫ್ರೆಂಚ್ ಮೂಲದವರು, ದಕ್ಷಿಣ ಆಫ್ರಿಕಾದ ಆಫ್ರಿಕಾನರ್‌ಗಳು, ಲೆಬನಾನಿನ ಕ್ರೈಸ್ತರು ಹೆಸರಾಂತ ಉದಾಹರಣೆಗಳು. 1985ರಲ್ಲಿ ಜೀನ್‌ನ ರಚನೆ ಬಿಡಿಸಿದ ತಂಡದಲ್ಲಿ ಥಾಮಸ್ ಸುಡಾಫ್ ಎಂಬ ಯುವ ಸಂಶೋಧಕರಿದ್ದರು. ಮುಂದೆ ನರಕೋಶಗಳ ಕೆಲಸಕ್ಕಾಗಿ 2013ರಲ್ಲಿ ಅವರಿಗೂ ನೊಬೆಲ್ ಬಂತು. ಅವರು ಕಂಡ ಒಂದು ಸಂಗತಿ ನನಗೆ ಬಹಳ ಇಷ್ಟ: ಈ ಜೀನ್‌ನ 18 ತುಂಡುಗಳಲ್ಲಿ ಬಹಳಷ್ಟು ಬೇರೆ ಪ್ರೋಟೀನ್‌ಗಳಲ್ಲೂ ಇವೆ. ರೋಗನಿರೋಧಕ ವ್ಯವಸ್ಥೆಯ ಪ್ರೋಟೀನೊಂದರಲ್ಲಿ ಕೆಲವು, ಬೆಳವಣಿಗೆಯ ಅಂಶವೊಂದರ ಪೂರ್ವರೂಪದಲ್ಲಿ ಕೆಲವು. ವಿಕಾಸದ ದಾರಿಯಲ್ಲಿ ಹಳೆಯ ತುಂಡುಗಳನ್ನು ಕೂಡಿಸಿ ಕಟ್ಟಿದ ಜೀನ್ ಇದು.

ರಿಸೆಪ್ಟರ್‌ಗಳ ಮುಖ್ಯ ಬೀಡು ಯಕೃತ್ತು ಎಂಬುದಕ್ಕೆ ಮನುಷ್ಯರಲ್ಲಿ ನೇರ ಸಾಕ್ಷಿ ದೊರೆತದ್ದು 1984ರಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜಲ್ ಅವರ ತಂಡ, ಎರಡೂ ಪ್ರತಿ ಕೆಟ್ಟಿದ್ದ ಆರು ವರ್ಷದ ಹುಡುಗಿಯೊಬ್ಬಳಿಗೆ ಹೃದಯ ಮತ್ತು ಯಕೃತ್ತನ್ನು ಒಟ್ಟಿಗೆ ಕಸಿ ಮಾಡಿತು. ಹೃದಯ ಬದಲಿಸಿದ್ದು ಅದು ಆಗಲೇ ಹಾಳಾಗಿದ್ದರಿಂದ, ಯಕೃತ್ತು ಬದಲಿಸಿದ್ದು ರಿಸೆಪ್ಟರ್‌ಗಾಗಿ. ಸಾವಿರ ದಾಟಿದ್ದ ಅವಳ ಕೊಲೆಸ್ಟ್ರಾಲ್ ಮುನ್ನೂರರ ಆಸುಪಾಸಿಗೆ ಇಳಿಯಿತು. ಅವಳ ಊಟ ಬದಲಾದದ್ದಕ್ಕಲ್ಲ, ಬೇರೊಬ್ಬರ ಜೀನ್ ಹೊತ್ತ ಒಂದು ಅಂಗ ಬಂದದ್ದಕ್ಕೆ.

ಎಲ್ಲರಿಗೂ ಯಕೃತ್ತು ಕಸಿ ಮಾಡಲು ಆಗುವುದಿಲ್ಲ. ಒಂದು ಪ್ರತಿ ಚೆನ್ನಾಗಿರುವವರಿಗೆ ಆ ಪ್ರತಿಯಿಂದಲೇ ಹೆಚ್ಚು ಕೆಲಸ ತೆಗೆಯಬಹುದು. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ಬೇರ್ಪಡಿಸಿದ ಕಾಂಪ್ಯಾಕ್ಟಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಮದ್ದುಗಳಲ್ಲಿ ಮೊದಲನೆಯದು. 1987ರಲ್ಲಿ ಲೊವಾಸ್ಟ್ಯಾಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸ್ಟ್ಯಾಟಿನ್ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ರಕ್ತದ ಎಲ್‌ಡಿಎಲ್ ಇಳಿಯುವುದು ಮುಖ್ಯವಾಗಿ ಮುಂದಿನ ಹೆಜ್ಜೆಯಿಂದ. ತಯಾರಿಕೆ ನಿಂತಾಗ ಯಕೃತ್ತಿನ ಕೋಶಕ್ಕೆ ಕೊಲೆಸ್ಟ್ರಾಲ್ ಕೊರತೆಯಾಗುತ್ತದೆ. ಕೊರತೆಯನ್ನು ಗ್ರಹಿಸುವ ಪ್ರೋಟೀನೊಂದು ಕೋಶಕೇಂದ್ರಕ್ಕೆ ಹೋಗಿ ಎಲ್‌ಡಿಎಲ್‌ಆರ್ ಜೀನನ್ನು ಎಬ್ಬಿಸುತ್ತದೆ. ಹೊಸ ರಿಸೆಪ್ಟರ್‌ಗಳು ಮೇಲ್ಮೈಗೆ ಬಂದು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತವೆ. ಎರಡೂ ಪ್ರತಿ ಪೂರ್ತಿ ಕೆಟ್ಟವರಲ್ಲಿ ಎಬ್ಬಿಸಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಅವರಿಗೆ ಸ್ಟ್ಯಾಟಿನ್‌ನಿಂದ ಪ್ರಯೋಜನ ಕಡಿಮೆ.

2003ರಲ್ಲಿ ಕಥೆಗೆ ಇನ್ನೊಂದು ಪ್ರೋಟೀನ್ ಸೇರಿತು. ಅದೇ ಬಗೆಯ ಕಾಯಿಲೆಯಿದ್ದೂ ಎಲ್‌ಡಿಎಲ್‌ಆರ್ ಸರಿಯಾಗಿದ್ದ ಫ್ರಾನ್ಸಿನ ಕುಟುಂಬಗಳಲ್ಲಿ ಮರಿಯಾನ್ ಅಬಿಫದೆಲ್, ಕ್ಯಾಥರೀನ್ ಬುವಾಲೊ ಮತ್ತು ಸಂಗಡಿಗರು ಪಿಸಿಎಸ್‌ಕೆ9 ಎಂಬ ಜೀನ್‌ನ ಬದಲಾವಣೆ ಕಂಡರು. ಈ ಪ್ರೋಟೀನ್ ರಿಸೆಪ್ಟರ್‌ಗೆ ಅಂಟಿಕೊಂಡು, ಅದು ಮೇಲ್ಮೈಗೆ ಮರಳದಂತೆ ಲೈಸೋಸೋಮ್‌ಗೆ ಕಳುಹಿಸುತ್ತದೆ. ಇದು ಅತಿಯಾದರೆ ರಿಸೆಪ್ಟರ್ ಬೇಗ ಸಾಯುತ್ತದೆ. ಹಾಗಾದರೆ ಇದೇ ಇಲ್ಲದವರಿಗೆ ಏನಾಗುತ್ತದೆ? ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅಂಥವರನ್ನೂ ಹುಡುಕಿದರು. ಈ ಜೀನ್‌ನ ಒಂದು ಪ್ರತಿ ಕೆಲಸ ಮಾಡದ ಕಪ್ಪು ಅಮೆರಿಕನ್ನರಲ್ಲಿ ಎಲ್‌ಡಿಎಲ್ ಸರಾಸರಿ ಶೇಕಡಾ 28ರಷ್ಟು ಕಡಿಮೆಯಿತ್ತು, ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 88ರಷ್ಟು ಕಡಿಮೆ. ಎರಡೂ ಪ್ರತಿ ಕೆಲಸ ಮಾಡದ ಮಹಿಳೆಯೊಬ್ಬರೂ ಸಿಕ್ಕರು. ಅವರ ಎಲ್‌ಡಿಎಲ್ ಡೆಸಿಲೀಟರಿಗೆ 14 ಮಿಲಿಗ್ರಾಂ, ಆರೋಗ್ಯ ಉತ್ತಮ. 2015ರಿಂದ ಈ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಬಂದಿವೆ.

ಶೇಕಡಾ 28 ಇಳಿದದ್ದಕ್ಕೆ ಶೇಕಡಾ 88 ರಕ್ಷಣೆ ಏಕೆ? ಅವರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ ಇತ್ತು. ರಕ್ತನಾಳದ ಗೋಡೆ ಎಷ್ಟು ಎಲ್‌ಡಿಎಲ್ ಕಂಡಿತು ಎಂಬಷ್ಟೇ, ಎಷ್ಟು ವರ್ಷ ಕಂಡಿತು ಎಂಬುದೂ ಮುಖ್ಯ. ನವಜಾತ ಶಿಶುವಿನ ರಕ್ತದಲ್ಲಿ ಎಲ್‌ಡಿಎಲ್ ಸುಮಾರು 30. ರಿಸೆಪ್ಟರ್ ಎಷ್ಟು ಬಿಗಿಯಾಗಿ ಎಲ್‌ಡಿಎಲ್ ಹಿಡಿಯುತ್ತದೆ ಎಂಬುದರಿಂದ ಲೆಕ್ಕ ಹಾಕಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್, ಕೋಶಗಳ ಅಗತ್ಯಕ್ಕೆ ರಕ್ತದಲ್ಲಿ 25ರಷ್ಟಿದ್ದರೆ ಸಾಕು ಎಂದು ವಾದಿಸಿದ್ದರು. ನಾವು ಸಾಮಾನ್ಯ ಎಂದು ಕರೆಯುವ ಅಂಕಿ ಅದರ ಹಲವು ಪಟ್ಟು. ಈ ಜೀನ್ ಕೆಟ್ಟವರ ಕಾಯಿಲೆ ಉಳಿದ ನಮ್ಮೆಲ್ಲರ ರಕ್ತನಾಳಗಳಲ್ಲಿ ನಿಧಾನವಾಗಿ ನಡೆಯುವುದರದೇ ವೇಗದ ರೂಪ.

ರಿಸೆಪ್ಟರ್ ಪೂರ್ತಿ ಇಲ್ಲದ ಮಕ್ಕಳ ಮಾತು ಬಾಕಿ ಇದೆ. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಎಲ್‌ಡಿಎಲ್ ಸೋಸಿ ತೆಗೆಯುವ ಚಿಕಿತ್ಸೆ ಅವರಿಗೆ ಬಹುಕಾಲ ಆಸರೆಯಾಗಿತ್ತು, ಈಗಲೂ ಇದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎವಿನಾಕುಮ್ಯಾಬ್ ಎಂಬ ಮದ್ದು ಈ ರಿಸೆಪ್ಟರ್‌ನ ನೆರವಿಲ್ಲದೆಯೇ ಎಲ್‌ಡಿಎಲ್ ಇಳಿಸುತ್ತದೆ. ದುಬಾರಿ ಮದ್ದು, ಎಲ್ಲೆಡೆ ಸಿಗುವಂಥದ್ದಲ್ಲ. ಈ ಮಕ್ಕಳ ಸಂಖ್ಯೆ ಚಿಕ್ಕದು, ಅವರಿಗಾಗಿ ದನಿ ಎತ್ತುವವರೂ ಕಡಿಮೆ.

ಒಂದು ಪ್ರತಿ ಕೆಟ್ಟವರ ಸಂಖ್ಯೆ ಚಿಕ್ಕದಲ್ಲ. ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಕಾಯಿಲೆಯ ಹೆಸರೇ ಗೊತ್ತಿಲ್ಲ. ಒಬ್ಬರಿಗೆ ಗೊತ್ತಾದರೆ ಅವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಮನೆಯ ಉಳಿದವರನ್ನು ಹುಡುಕಲು ಜೀನ್ ಪರೀಕ್ಷೆಯೇ ಆಗಬೇಕೆಂದಿಲ್ಲ, ಸಾಮಾನ್ಯ ಲಿಪಿಡ್ ಪರೀಕ್ಷೆಯಿಂದಲೇ ಶುರುಮಾಡಬಹುದು. ಮಗುವಿಗೆ ಮಾತ್ರೆ ಕೊಡುವುದೇ ಎಂದು ತಂದೆತಾಯಿ ಹಿಂಜರಿಯುತ್ತಾರೆ. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಅವರಿಗೆ ನಾನು ಹೇಳುವುದು ನೆದರ್ಲೆಂಡ್ಸ್‌ನ ಅಧ್ಯಯನದ ಬಗ್ಗೆ. ಅಲ್ಲಿ ಈ ಕಾಯಿಲೆಯ 214 ಮಕ್ಕಳಿಗೆ 8ರಿಂದ 18ರ ವಯಸ್ಸಿನಲ್ಲಿ ಸ್ಟ್ಯಾಟಿನ್ ಶುರುಮಾಡಿ 20 ವರ್ಷ ಗಮನಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರಿಗೆ ಈ ಜೀನ್ ದಾಟಿಸಿದ ತಂದೆ ಅಥವಾ ತಾಯಿಯರು ಎಳೆಯ ವಯಸ್ಸಿನಲ್ಲಿ ಸ್ಟ್ಯಾಟಿನ್ ಸಿಗದ ಕಾಲದವರು. ಅವರಲ್ಲಿ ಶೇಕಡಾ 26ರಷ್ಟು ಮಂದಿಗೆ 39 ವರ್ಷದೊಳಗೆ ಹೃದಯ ಅಥವಾ ರಕ್ತನಾಳದ ಅವಘಡ ಆಗಿತ್ತು. ಅದೇ ಜೀನ್ ಹೊತ್ತ ಅವರ ಮಕ್ಕಳಲ್ಲಿ, ಅದೇ 39ರೊಳಗೆ, ಶೇಕಡಾ 1.